ಕೌನ್ಸೆಲಿಂಗ್ ಕೋಣೆಯಲ್ಲಿ ಯಾರೂ ನನ್ನನ್ನು ಹೊಗಳಲಿಲ್ಲ

ನಮ್ಮ ಮಂಡ್ಯದ ಕಡೆ ಮಕ್ಕಳನ್ನು ಎದುರಿಗೆ ಹೊಗಳುವುದಿಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ, ಇಲ್ಲವೇ ತಲೆಗೇರುತ್ತದೆ. ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಅಪ್ಪ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಹುಡುಗನ ಹತ್ತಿರ ಮಾತ್ರ ‘ಮ್ಯಾತ್ಸಲ್ಲಿ ಯಾಕ್ಲಾ ಕಮ್ಮಿ ಬಂತು?’ ಅಂತ ಕೇಳುತ್ತಾರೆ. ಪ್ರೀತಿ ಇಲ್ಲ ಅಂತಲ್ಲ. ಪ್ರೀತಿ ಜಾಸ್ತಿ ಇರುವ ಕಡೆಯೇ ಈ ಭಯವೂ ಜಾಸ್ತಿ. ಆದರೆ ಬಯ್ಯುವುದಕ್ಕೆ ಇಂಥ ಅಡ್ಡಿ ಯಾವುದೂ ಇಲ್ಲ. ಬೈಗುಳಕ್ಕೆ ದೃಷ್ಟಿ ತಾಗುವುದಿಲ್ಲವಲ್ಲ! ದಡ್ಡ, ದಂಡಪಿಂಡ, ಕೈಲಾಗದವನು, ‘ನೀನು ಉದ್ಧಾರ ಆದಂಗೇ ಬಿಡು’. ಇವೆಲ್ಲ ಹೊತ್ತುಗೊತ್ತಿಲ್ಲದೆ ಎದುರಿಗೇ ಬೀಳುತ್ತವೆ.

ಎಲ್ಲ ಮಕ್ಕಳಿಗೂ ಇದು ನಾಟುವುದಿಲ್ಲ. ನನ್ನ ಅಣ್ಣ ನನಗಿಂತ ಜಾಸ್ತಿ ಬೈಸಿಕೊಂಡವನು. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಈಗ ಊರಲ್ಲೇ ಗದ್ದೆ, ಹಾಲಿನ ಡೇರಿ, ಪಂಚಾಯ್ತಿ ರಾಜಕೀಯ ಅಂತ ಎದೆಯುಬ್ಬಿಸಿ ಓಡಾಡುತ್ತಾನೆ. ನಾನು ಒಂದೊಂದು ಮಾತನ್ನೂ ನಂಬಿದೆ. ಸಾಲದ್ದಕ್ಕೆ ಕನ್ನಡ ಮೀಡಿಯಂನಿಂದ ಪಿಯುಸಿ ಕಾಮರ್ಸ್‌ಗೆ ಹೋದಾಗ ಒಬ್ಬ ಲೆಕ್ಚರರ್ ಎಬ್ಬಿಸಿ ನಿಲ್ಲಿಸಿ ಪಾಠ ಓದಿಸಿದರು. ಮೊದಲ ಸಾಲಿನಲ್ಲೇ ತಡವರಿಸಿದೆ. ‘ಇದೆಲ್ಲ ನಿಂಗಲ್ಲ ಕಣಯ್ಯ, ಗದ್ದೆ ಕಡೆ ನೋಡ್ಕೊ’ ಅಂದರು. ಕ್ಲಾಸು ನಕ್ಕಿತು. ಅವರು ಆ ಮಾತನ್ನು ಸಂಜೆಯೊಳಗೇ ಮರೆತಿರುತ್ತಾರೆ. ನಾನು ಅದನ್ನು ತೀರ್ಪು ಅಂತ ತಗೊಂಡೆ. ಆಮೇಲೆ ಬಿ.ಕಾಂ. ಆಯಿತು, ಎಂ.ಕಾಂ. ಆಯಿತು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು, ಮದುವೆಯೂ ಆಯಿತು. ತೀರ್ಪು ಮಾತ್ರ ಹಾಗೇ ಇತ್ತು.

ಕೀಳರಿಮೆ ಹೊರಗಿನವರಿಗೆ ಕೀಳರಿಮೆ ಥರ ಕಾಣುವುದೇ ಇಲ್ಲ. ಒಳ್ಳೆಯತನದ ಥರ ಕಾಣುತ್ತದೆ. ‘ಅವನು ಬಾಳ ಸಾಧು, ಯಾರ ತಂಟೆಗೂ ಹೋಗಲ್ಲ’ ಅನ್ನುತ್ತಾರೆ. ತಂಟೆಗೆ ಹೋಗುವ ಧೈರ್ಯ ಇಲ್ಲ ಅಂತ ನಮಗೆ ಮಾತ್ರ ಗೊತ್ತು. ಮೀಟಿಂಗಿನಲ್ಲಿ ಗೋಡೆ ಪಕ್ಕದ ಕುರ್ಚಿ ಹುಡುಕುವುದು. ಎರಡು ಸಾಲಿನ ಮೇಲ್ ಬರೆದು ಅರ್ಧ ಗಂಟೆ ತಿದ್ದುವುದು. ಅಂಗಡಿಯವನು ಚಿಲ್ಲರೆ ಕಮ್ಮಿ ಕೊಟ್ಟರೂ ಸುಮ್ನೆ ಬರುವುದು. ಯಾರಾದರೂ ‘ನಿಮ್ ಹತ್ರ ಸ್ವಲ್ಪ ಮಾತಾಡ್ಬೇಕು’ ಅಂದರೆ ಸಾಕು, ಏನು ತಪ್ಪು ಮಾಡಿದೆ ಅಂತ ರಾತ್ರಿಯೆಲ್ಲ ಲೆಕ್ಕ ಹಾಕುವುದು. ಪಟ್ಟಿ ಉದ್ದ ಇದೆ, ಇಂಥವರು ಓದುತ್ತಿದ್ದರೆ ಉಳಿದದ್ದನ್ನು ಅವರೇ ಸೇರಿಸಿಕೊಳ್ಳುತ್ತಾರೆ.

ಟೀಮ್ ಲೀಡ್ ಕೆಲಸ ಕೊಡುತ್ತೇವೆ ಅಂದಾಗ ನಾನು ಬೇಡ ಅಂದೆ. ಮನೆಯಲ್ಲಿ ‘ಓಡಾಟ ಜಾಸ್ತಿ ಆಗುತ್ತೆ’ ಅಂತ ಕಾರಣ ಹೇಳಿದೆ. ನಾನು ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುವವನು, ಆ ಕಾರಣ ಯಾರಾದರೂ ನಂಬುವಂಥದ್ದೇ. ನನ್ನ ಹೆಂಡತಿ ನಂಬಲಿಲ್ಲ. ಅವಳು ಸರ್ಕಾರಿ ಶಾಲೆ ಟೀಚರ್. ಕೊನೇ ಬೆಂಚಿನಲ್ಲಿ ಮುದುರಿಕೊಂಡು ಕೂರುವ ಮಕ್ಕಳನ್ನು ದಿನಾ ನೋಡುವವಳು. ‘ಯಾರ ಹತ್ರಾನಾದ್ರೂ ಹೋಗಿ ಮಾತಾಡಿ’ ಅಂತ ಹಿಂದೆ ಬಿದ್ದಳು. ನಾನು ‘ನಂಗೇನು ತಲೆ ಕೆಟ್ಟಿದೆಯಾ?’ ಅಂದೆ. ನಮ್ಮಲ್ಲಿ ಎಲ್ಲರೂ ಮೊದಲು ಹೇಳುವ ಮಾತೇ ಅದು.

ಅಷ್ಟಕ್ಕೂ ಮನಶ್ಶಾಸ್ತ್ರ ಮೈಸೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1924ರಲ್ಲೇ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಇಡೀ ದೇಶದಲ್ಲೇ ಮೊದಮೊದಲ ವಿಭಾಗಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದವರೂ ಇವರೇ, ಅದೇ ಮುಂದೆ ಆಕಾಶವಾಣಿ ಅಂತ ಹೆಸರಾಯಿತು. ಮೈಸೂರಿನವರಿಗೆ ರೇಡಿಯೋ ಕಥೆ ಚೆನ್ನಾಗಿ ಗೊತ್ತು. ಅವರು ಮನಶ್ಶಾಸ್ತ್ರದ ಪ್ರೊಫೆಸರ್ ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ನೂರು ವರ್ಷ ಕಳೆದರೂ ಆ ವಿದ್ಯೆಯ ಬಾಗಿಲು ತಟ್ಟಲು ನಾವಿನ್ನೂ ಆಚೆ ಈಚೆ ನೋಡುತ್ತೇವೆ.

ನಾನೂ ನೋಡಿದೆ. ಸರಸ್ವತಿಪುರಂನ ಒಂದು ಮಹಡಿ ಮೇಲಿನ ಕೋಣೆ. ಕೆಳಗೆ ಮೆಡಿಕಲ್ ಸ್ಟೋರ್ ಇದ್ದದ್ದು ಒಳ್ಳೆಯದಾಯಿತು, ಯಾರಾದರೂ ಸಿಕ್ಕರೆ ಮಾತ್ರೆ ತಗೊಳ್ಳೋಕೆ ಬಂದೆ ಅನ್ನಬಹುದು! ಒಳಗೆ ಎರಡು ಕುರ್ಚಿ, ಒಂದು ಗಡಿಯಾರ, ಟೇಬಲ್ ಮೇಲೆ ಟಿಶ್ಯೂ ಡಬ್ಬ. ಆ ಡಬ್ಬ ನೋಡಿ ನನಗೆ ಭಯವಾಯಿತು. ಇಲ್ಲಿ ಅಳಬೇಕಾ? ಅಳದಿದ್ದರೆ ಅದಕ್ಕೂ ನಾನು ಲಾಯಕ್ಕಿಲ್ಲ ಅಂತ ಆಗುತ್ತಾ? ನಗಬೇಡಿ, ಹೀಗೇ ಯೋಚನೆ ಬಂತು.

ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟು: ಕೌನ್ಸೆಲರ್ ನನ್ನಲ್ಲಿರುವ ಒಳ್ಳೆಯ ಗುಣಗಳನ್ನು ಹೇಳುತ್ತಾರೆ, ಬೆನ್ನು ತಟ್ಟುತ್ತಾರೆ, ನಾನು ಧೈರ್ಯ ತಗೊಂಡು ಬರುತ್ತೇನೆ. ಹಾಗೇನೂ ಆಗಲಿಲ್ಲ. ಆಕೆ ಪ್ರಶ್ನೆ ಕೇಳಿದರು. ನಿದ್ದೆ ಹೇಗಿದೆ? ಊಟ ಸೇರುತ್ತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳು ಈಗಲೂ ಖುಷಿ ಕೊಡುತ್ತವಾ? ಬದುಕೇ ಬೇಡ ಅನ್ನಿಸಿದ್ದುಂಟಾ? ಇದನ್ನು ಕೇಳುವುದಕ್ಕೆ ಕಾರಣ ಇದೆ. ಕೀಳರಿಮೆ ಅನ್ನುವುದೇ ಒಂದು ಕಾಯಿಲೆಯಲ್ಲ, ವೈದ್ಯರ ಪಟ್ಟಿಯಲ್ಲಿ ಆ ಹೆಸರಿನ ರೋಗ ಇಲ್ಲ. ಆದರೆ ‘ನಾನು ಯಾವುದಕ್ಕೂ ಬಾರದವನು’ ಅನ್ನುವ ಭಾವನೆ ಖಿನ್ನತೆಯ ಲಕ್ಷಣವೂ ಹೌದು. ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿದ್ದು, ನಿದ್ದೆ, ಹಸಿವು, ಆಸಕ್ತಿ ಎಲ್ಲ ಕೆಟ್ಟಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಬೇಕು, ಮಾತ್ರೆಯೂ ಬೇಕಾಗಬಹುದು. ನನಗೆ ಹಾಗಿರಲಿಲ್ಲ. ನನಗಿದ್ದದ್ದು ಹಳೇ ಅಳುಕು.

ಆಮೇಲೆ ಒಂದು ಹಾಳೆ ಕೊಟ್ಟರು. ಹತ್ತು ವಾಕ್ಯ. ಅರ್ಧ ತನ್ನ ಬಗ್ಗೆ ಒಳ್ಳೆಯದು, ಅರ್ಧ ಕೆಟ್ಟದ್ದು. ಪ್ರತಿಯೊಂದಕ್ಕೂ ಪೂರ್ತಿ ಒಪ್ಪುತ್ತೇನೆ ಎಂಬುದರಿಂದ ಒಪ್ಪುವುದೇ ಇಲ್ಲ ಎಂಬುದರವರೆಗೆ ನಾಲ್ಕು ಉತ್ತರ. ಮಾರಿಸ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ ಹೈಸ್ಕೂಲು ಮಕ್ಕಳ ಮೇಲೆ ಅಧ್ಯಯನ ಮಾಡಲು ತಯಾರಿಸಿ 1965ರಲ್ಲಿ ಪ್ರಕಟಿಸಿದ್ದು. ಈಗಲೂ ಜಗತ್ತಿನಾದ್ಯಂತ ಬಳಸುತ್ತಾರೆ. ನಾನು ಹತ್ತನ್ನೂ ತುಂಬಿ, ಕೊಡುವಾಗ ‘ಸರಿಯಾಗಿ ಬರೆದಿದ್ದೀನಾ ಮೇಡಂ?’ ಅಂತ ಕೇಳಿದೆ. ಆಕೆ ಹಾಳೆ ನೋಡಲಿಲ್ಲ, ನನ್ನನ್ನು ನೋಡಿದರು. ಅವರಿಗೆ ಬೇಕಾದ ಉತ್ತರ ಆ ಪ್ರಶ್ನೆಯಲ್ಲೇ ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು.

ನನ್ನ ಜೊತೆ ಅವರು ಮಾಡಿದ ಕೆಲಸದ ಹಿಂದೆ ಒಂದು ದಾರಿ ಇತ್ತು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ ಎಂಬ ಮನೋವೈದ್ಯರು ಖಿನ್ನತೆ ಇರುವವರ ಮಾತು ಕೇಳುತ್ತಾ ಒಂದು ವಿಷಯ ಗಮನಿಸಿದರು. ಅವರ ತಲೆಯಲ್ಲಿ ತಮ್ಮ ಬಗ್ಗೆ ಕೆಟ್ಟ ಯೋಚನೆಗಳು ತಾವಾಗಿಯೇ, ಮಿಂಚಿನ ವೇಗದಲ್ಲಿ ಬಂದು ಹೋಗುತ್ತವೆ, ಅವರು ಅದನ್ನು ಪರೀಕ್ಷೆ ಮಾಡದೆ ನಂಬುತ್ತಾರೆ. ಆ ಯೋಚನೆಗಳನ್ನು ಹಿಡಿದು ನಿಲ್ಲಿಸಿ ಕೇಳುವ ಚಿಕಿತ್ಸೆ ಅಲ್ಲಿಂದ ಬೆಳೆಯಿತು, ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಅಂತ ಈಗ ಎಲ್ಲರೂ ಹೇಳುತ್ತಾರಲ್ಲ, ಅದು. ಆಕ್ಸ್‌ಫರ್ಡಿನ ಮನಶ್ಶಾಸ್ತ್ರಜ್ಞೆ ಮೆಲನಿ ಫೆನೆಲ್ 1997ರಲ್ಲಿ ಇದನ್ನು ಕೀಳರಿಮೆಗೆ ಹೊಂದಿಸಿ ಒಂದು ಚಿತ್ರ ಕೊಟ್ಟರು. ಚಿಕ್ಕ ವಯಸ್ಸಿನ ಅನುಭವಗಳಿಂದ ಮಗು ತನ್ನ ಬಗ್ಗೆ ಒಂದು ತೀರ್ಮಾನಕ್ಕೆ ಬರುತ್ತದೆ. ‘ನಾನು ದಡ್ಡ.’ ‘ನನ್ನನ್ನು ಕಂಡರೆ ಯಾರಿಗೂ ಆಗಲ್ಲ.’ ಆ ತೀರ್ಮಾನದ ಜೊತೆ ಬದುಕುವುದಕ್ಕೆ ಕೆಲವು ನಿಯಮ ಮಾಡಿಕೊಳ್ಳುತ್ತದೆ. ‘ಬಾಯಿ ಬಿಡದಿದ್ದರೆ ಬಣ್ಣಗೇಡು ಆಗಲ್ಲ.’ ‘ಎಲ್ಲರನ್ನೂ ಖುಷಿಯಾಗಿಟ್ಟರೆ ನನ್ನನ್ನು ಬಿಡಲ್ಲ.’ ನಿಯಮ ಪಾಲಿಸುವವರೆಗೆ ಹೇಗೋ ನಡೆಯುತ್ತದೆ. ಮುರಿಯುವ ಸಂದರ್ಭ ಬಂದರೆ ಗಾಬರಿ. ಗಾಬರಿಯಲ್ಲಿ ತಪ್ಪಿಸಿಕೊಳ್ಳುತ್ತೇವೆ. ತಪ್ಪಿಸಿಕೊಂಡ ಮೇಲೆ ‘ನೋಡು, ನಿನ್ನ ಕೈಲಿ ಆಗಲಿಲ್ಲ’ ಅಂತ ನಾವೇ ಹೇಳಿಕೊಳ್ಳುತ್ತೇವೆ. ಹಳೇ ತೀರ್ಮಾನಕ್ಕೆ ಹೊಸ ಸಾಕ್ಷಿ ಸಿಕ್ಕಿತು.

ಅಕೌಂಟ್ಸ್‌ನವನಿಗೆ ಇದು ಬೇಗ ಅರ್ಥವಾಯಿತು. ನಾನು ಇಷ್ಟು ವರ್ಷ ಬರೆದದ್ದು ಒಂದೇ ಕಡೆಯ ಪುಸ್ತಕ, ಬರೀ ಡೆಬಿಟ್. ತಪ್ಪಾದದ್ದೆಲ್ಲ ಅವತ್ತೇ ಎಂಟ್ರಿ. ಸರಿಯಾದದ್ದು ‘ಅದೇನು ಮಹಾ, ಯಾರ್ ಬೇಕಾದ್ರೂ ಮಾಡ್ತಾರೆ’ ಅಂತ ಪುಸ್ತಕಕ್ಕೇ ಬರುತ್ತಿರಲಿಲ್ಲ. ಬೇರೆಯವರು ಇಂಥ ಪುಸ್ತಕ ತಂದರೆ ಆಡಿಟ್‌ನಲ್ಲಿ ನಾನೇ ವಾಪಸ್ ಕಳಿಸುತ್ತೇನೆ.

ಇದಕ್ಕೆ ಮೊದಲ ಮನೆಗೆಲಸ: ದಿನಾ ರಾತ್ರಿ ಆ ದಿನ ಸರಿಯಾಗಿ ಮಾಡಿದ ಮೂರು ಸಂಗತಿ ಬರೆಯಬೇಕು. ದೊಡ್ಡದೇ ಆಗಬೇಕಿಲ್ಲ. ಪುಸ್ತಕ ನೋಡಿ ಹೆಂಡತಿ ನಕ್ಕಳು, ನನಗೂ ನಾಚಿಕೆ. ‘ಜಿಎಸ್‌ಟಿ ರಿಟರ್ನ್ ಟೈಮಿಗೆ ಹಾಕಿದೆ.’ ‘ರೈಲಿನಲ್ಲಿ ಅಜ್ಜಿಗೆ ಸೀಟು ಬಿಟ್ಟೆ.’ ‘ಸಾರಿಗೆ ಒಗ್ಗರಣೆ ಹಾಕಿದೆ, ಸೀಯಲಿಲ್ಲ.’ ಇದರಿಂದ ಏನಾಗುತ್ತೆ ಅನ್ನಿಸಿತ್ತು. ಒಂದು ವಾರಕ್ಕೆ ಏನೂ ಆಗಲಿಲ್ಲ. ನಿಧಾನಕ್ಕೆ, ಸರಿಯಾಗಿ ಮಾಡುವಾಗಲೇ ‘ಇದನ್ನು ರಾತ್ರಿ ಬರೆಯಬಹುದು’ ಅಂತ ತಲೆಗೆ ಬರತೊಡಗಿತು. ನೋಡುವ ಅಭ್ಯಾಸವೇ ಇಲ್ಲದ ಕಡೆ ಕಣ್ಣು ಹೋಗತೊಡಗಿತು.

ಎರಡನೆಯದು ಇನ್ನೂ ಕಷ್ಟ. ಯಾರಾದರೂ ಹೊಗಳಿದರೆ ‘ಥ್ಯಾಂಕ್ಸ್’ ಅಂದು ಬಾಯಿ ಮುಚ್ಚಬೇಕು. ಅಷ್ಟೇ. ನಮ್ಮವರಿಗೆ ಇದು ಎಷ್ಟು ಕಷ್ಟ ಗೊತ್ತಾ? ಶರ್ಟ್ ಚೆನ್ನಾಗಿದೆ ಅಂದರೆ ‘ಅಯ್ಯೋ ಹಳೇದು, ಆಫರಲ್ಲಿ ತಗೊಂಡಿದ್ದು’ ಅಂತ ನಾಲ್ಕು ಸಾಲು ಸಮಜಾಯಿಷಿ ಕೊಡದೆ ಇರಲಾರೆವು. ಸಹೋದ್ಯೋಗಿಯೊಬ್ಬರು ‘ಆ ಸ್ಟೇಟ್‌ಮೆಂಟ್ ಚೆನ್ನಾಗಿ ಮಾಡಿದ್ರಿ’ ಅಂದಾಗ ಥ್ಯಾಂಕ್ಸ್ ಹೇಳಿ ಸುಮ್ಮನೆ ನಿಂತೆ. ‘ಏನಿಲ್ಲ ಬಿಡಿ’ ಅನ್ನುವ ಮಾತು ನಾಲಿಗೆ ತುದಿಗೆ ಬಂದು ನಿಂತಿತ್ತು. ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ. ಅವರ ಪಾಡಿಗೆ ಅವರು ಹೋದರು. ಜಂಬದವನು ಅಂತ ಅಂದುಕೊಂಡರೋ ಏನೋ ಅಂತ ಮಧ್ಯಾಹ್ನದವರೆಗೂ ಕೊರೆಯಿತು.

ಆದರೆ ನಿಜವಾಗಿ ನನ್ನನ್ನು ಅಲುಗಾಡಿಸಿದ್ದು ತಿಂಗಳ ಕೊನೆಯ ರಿವ್ಯೂ ಮೀಟಿಂಗ್. ಖರ್ಚು ಬಜೆಟ್‌ಗಿಂತ ಎಲ್ಲಿ ಜಾಸ್ತಿಯಾಗಿದೆ ಅನ್ನುವ ಲೆಕ್ಕ ನನ್ನದು. ಅದನ್ನು ಓದಿ ಹೇಳುತ್ತಿದ್ದವನು ಪಕ್ಕದ ಟೇಬಲಿನವನು. ನಾನು ಹಾಳೆ ಕೊಡುತ್ತಿದ್ದೆ, ಅವನು ಮಾತಾಡುತ್ತಿದ್ದ, ಭೇಷ್ ಅವನಿಗೆ ಹೋಗುತ್ತಿತ್ತು. ವರ್ಷಗಟ್ಟಲೆ ಹೀಗೇ. ‘ಈ ಸಲ ನೀವೇ ಓದಿದರೆ ಏನಾಗುತ್ತೆ ಅಂತ ಬರೆಯಿರಿ’ ಅಂದರು ಕೌನ್ಸೆಲರ್. ಧೈರ್ಯ ಮಾಡಿ ಓದಿ ಅನ್ನಲಿಲ್ಲ. ಏನಾಗುತ್ತೆ ಅಂತ ಮೊದಲೇ ಬರೆಯಿರಿ, ಎಷ್ಟು ಗ್ಯಾರಂಟಿ ಅಂತ ನೂರಕ್ಕೆ ಒಂದು ಅಂಕಿ ಹಾಕಿ ಅಂದರು.

ನಾನು ಬರೆದದ್ದು: ಧ್ವನಿ ನಡುಗುತ್ತದೆ. ಇಂಗ್ಲಿಷ್ ತಪ್ಪುತ್ತದೆ. ಯಾರಾದರೂ ನಗುತ್ತಾರೆ. ಮ್ಯಾನೇಜರ್ ಅರ್ಧಕ್ಕೆ ನಿಲ್ಲಿಸಿ ಪಕ್ಕದವನಿಗೆ ‘ನೀನು ಹೇಳು’ ಅನ್ನುತ್ತಾರೆ. ಗ್ಯಾರಂಟಿ ನೂರಕ್ಕೆ 90.

ಆದದ್ದು: ಧ್ವನಿ ನಡುಗಿತು. ಇಂಗ್ಲಿಷೂ ತಪ್ಪಿತು, ಒಂದು ಕಡೆ ಪೂರ್ತಿ ಕನ್ನಡಕ್ಕೇ ಇಳಿದುಬಿಟ್ಟೆ. ‘ಲಾರಿ ಬಾಡಿಗೆ ಜಾಸ್ತಿ ಆಗಿರೋದು ಯಾಕಂದ್ರೆ, ಆ ವಾರ ನಮ್ ರೆಗ್ಯುಲರ್ ಟ್ರಾನ್ಸ್‌ಪೋರ್ಟ್‌ನವರು ಗಾಡಿ ಕೊಡ್ಲಿಲ್ಲ’ ಅಂದೆ. ಯಾರೂ ನಗಲಿಲ್ಲ. ಇಬ್ಬರು ಫೋನ್ ನೋಡುತ್ತಿದ್ದರು. ಒಬ್ಬರು ಆಕಳಿಸಿದರು. ಮ್ಯಾನೇಜರ್ ಲಾರಿ ಬಾಡಿಗೆ ಬಗ್ಗೆ ಒಂದು ಪ್ರಶ್ನೆ ಕೇಳಿದರು, ಅದೂ ಕನ್ನಡದಲ್ಲಿ. ಉತ್ತರ ಗೊತ್ತಿತ್ತು, ಹೇಳಿದೆ. ಮೀಟಿಂಗ್ ಮುಂದಿನ ವಿಷಯಕ್ಕೆ ಹೋಯಿತು.

ಇದನ್ನು ಹೇಳಿ, ‘ಅವರು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ ಮೇಡಂ’ ಅಂತ ದೂರಿದೆ. ಆಕೆಗೆ ನಗು ತಡೆಯಲಾಗಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂತ ಹೆದರಿದವನು ಈಗ ಯಾರೂ ನೋಡಲಿಲ್ಲ ಅಂತ ಬೇಜಾರಾಗಿದ್ದೆ. ಆಮೇಲೆ ಬರೆದದ್ದನ್ನೂ ಆದದ್ದನ್ನೂ ಅಕ್ಕಪಕ್ಕ ಇಟ್ಟು ಓದಿಸಿದರು. ನಡುಕದ ವಿಷಯ ನಾನು ಸರಿಯಾಗಿ ಊಹಿಸಿದ್ದೆ. ನಡುಗಿದರೆ ಏನಾಗುತ್ತದೆ ಅನ್ನುವುದನ್ನು ತಪ್ಪಾಗಿ ಊಹಿಸಿದ್ದೆ. ಇಷ್ಟು ವರ್ಷ ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ.

ಇನ್ನೊಂದು ಸಲ ಜನರನ್ನೇ ಕೇಳಿ ಬನ್ನಿ ಅಂದರು. ನಮ್ಮ ರೈಲಿನ ಗುಂಪು ಇದೆಯಲ್ಲ, ಬೆಳಿಗ್ಗೆ ಮಂಡ್ಯದಲ್ಲಿ ಹತ್ತಿ, ಪಾಂಡವಪುರ ಬರುವಷ್ಟರಲ್ಲಿ ಇಡೀ ರಾಜ್ಯದ ರಾಜಕೀಯ ಮುಗಿಸುವವರು, ಅವರನ್ನು ಕೇಳಿದೆ. ‘ಮೀಟಿಂಗಲ್ಲಿ ಮಾತಾಡ್ವಾಗ ಒಬ್ಬನ ಕೈ ನಡುಗಿದ್ರೆ ನೀವೇನ್ ಅನ್ಕೋತೀರಾ?’ ಬ್ಯಾಂಕಿನವರು ‘ಶುಗರ್ ಇರ್ಬೇಕು ಅನ್ಕೋತೀನಿ’ ಅಂದರು. ಒಬ್ಬರು ‘ನಾನ್ ನೋಡೋದೇ ಇಲ್ಲ’ ಅಂದರು. ಕೋರ್ಟಿನಲ್ಲಿ ಕೆಲಸ ಮಾಡುವ, ಎಲ್ಲರಿಗಿಂತ ಜೋರು ಗಂಟಲಿನವರು ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೆ ಸುಮ್ಮನಿದ್ದು, ‘ನಂದೂ ನಡುಗುತ್ತೆ ಸ್ವಾಮಿ, ಅದಕ್ಕೇ ಫೈಲ್ ಗಟ್ಟಿಯಾಗಿ ಹಿಡ್ಕೋತೀನಿ’ ಅಂದರು. ‘ದಡ್ಡ ಅನ್ಕೋತೀನಿ’ ಅಂತ ಒಬ್ಬರೂ ಅನ್ನಲಿಲ್ಲ.

ಹೊಗಳಿ ಧೈರ್ಯ ತುಂಬುವುದಕ್ಕೂ ಇದಕ್ಕೂ ಬಹಳ ದೂರ. ಅಮೆರಿಕದವರು ಹೊಗಳಿಕೆಯನ್ನೂ ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದ್ದಾರೆ. ಕ್ಯಾಲಿಫೋರ್ನಿಯಾ ಸರ್ಕಾರ 1986ರಲ್ಲಿ ಆತ್ಮಗೌರವ ಬೆಳೆಸುವುದಕ್ಕೇ ಒಂದು ಕಾರ್ಯಪಡೆ ಮಾಡಿತ್ತು. ಶಾಲೆಗಳಲ್ಲಿ ‘ನೀನು ವಿಶೇಷ’ ಅನ್ನುವ ಪಾಠಗಳು ಬಂದವು. 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಜೊತೆಗಾರರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಆತ್ಮಗೌರವವನ್ನು ಸುಮ್ಮನೆ ಉಬ್ಬಿಸಿದರೆ ಅಂಕ, ಕೆಲಸ ಎಲ್ಲ ಚೆನ್ನಾಗಾಗುತ್ತದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಅವರ 2009ರ ಅಧ್ಯಯನ. ‘ನಾನು ಪ್ರೀತಿಗೆ ತಕ್ಕವನು’ ಎಂಬಂಥ ಮಾತನ್ನು ಮತ್ತೆ ಮತ್ತೆ ಹೇಳಿಕೊಂಡಾಗ, ಮೊದಲೇ ತಮ್ಮ ಬಗ್ಗೆ ಕೀಳಾಗಿ ಅಂದುಕೊಂಡವರಿಗೆ ಇನ್ನೂ ಬೇಜಾರಾಯಿತು. ಒಳಗಿನವನು ‘ಸುಳ್ಳು’ ಅಂತ ಎದ್ದು ನಿಲ್ಲುತ್ತಾನೆ, ಅದಕ್ಕೆ.

ಅದಕ್ಕೇ ಕನ್ನಡಿ ಮುಂದೆ ನಿಂತು ‘ನಾನು ಹುಲಿ’ ಅಂತ ಕೂಗಿಸುವ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸುಗಳ ಬಗ್ಗೆ ನನಗೆ ಅನುಮಾನ. ಆ ಹಾಲಿನಲ್ಲಿ ಎಲ್ಲರೂ ಕೂಗುತ್ತಾರೆ, ಚಪ್ಪಾಳೆ ಬೀಳುತ್ತದೆ, ಫೀಸು ಮೊದಲೇ ಕಟ್ಟಿಸಿಕೊಂಡಿರುತ್ತಾರೆ. ಸೋಮವಾರ ಆಫೀಸಿಗೆ ಹೋದರೆ ಹುಲಿ ಗೋಡೆ ಪಕ್ಕದ ಕುರ್ಚಿಯನ್ನೇ ಹುಡುಕುತ್ತದೆ.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಹೇಳಿದ್ದು ನನಗೆ ಇದಕ್ಕಿಂತ ಸರಿ ಅನ್ನಿಸುತ್ತದೆ. ‘ಇದು ನನ್ನ ಕೈಲಿ ಆಗುತ್ತದೆ’ ಅನ್ನುವ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಅಂದರು ಅವರು. ತಾನೇ ಮಾಡಿ ನೋಡಿದ್ದು, ತನ್ನಂಥವರು ಮಾಡಿದ್ದನ್ನು ಕಂಡದ್ದು, ಬೇರೆಯವರ ಮಾತು, ಮತ್ತು ಆ ಹೊತ್ತಿನಲ್ಲಿ ಮೈ ಮನಸ್ಸು ಇರುವ ರೀತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಅಂದರೆ ಕೆಲಸ ಮೊದಲು, ಧೈರ್ಯ ಆಮೇಲೆ. ನಾವು ಧೈರ್ಯ ಬರಲಿ ಅಂತ ಕಾಯುತ್ತಾ ಕೂರುತ್ತೇವೆ.

ಹಾಗಾದರೆ ಕೌನ್ಸೆಲರ್ ಯಾಕೆ ಬೇಕು, ಮನೆಯಲ್ಲೇ ಹಾಳೆಗೆ ಗೆರೆ ಎಳೆದು ಬರೆದರೆ ಆಗಲ್ವಾ? ಕೆಲವರಿಗೆ ಆಗಬಹುದು. ನನಗೆ ಆಗುತ್ತಿರಲಿಲ್ಲ. ‘ಯಾರೂ ನಗಲಿಲ್ಲ’ ಅನ್ನುವುದನ್ನು ನಾನು ‘ಪಾಪ ಅಂತ ಸುಮ್ಮನಾದರು’ ಅಂತ ಬರೆದುಕೊಳ್ಳುತ್ತಿದ್ದೆ. ಆ ಜಾಗದಲ್ಲೇ ಆಕೆ ‘ಅದು ಆದದ್ದಾ, ನೀವು ಅಂದುಕೊಂಡದ್ದಾ?’ ಅಂತ ತಡೆಯುತ್ತಿದ್ದರು. ಇನ್ನೊಂದು ಇದೆ. ಕಾರ್ಲ್ ರೋಜರ್ಸ್ ಎಂಬ ಮನಶ್ಶಾಸ್ತ್ರಜ್ಞ 1957ರಲ್ಲಿ ಬರೆದಂತೆ, ಮನುಷ್ಯ ಬದಲಾಗಬೇಕಾದರೆ ಯಾವ ಷರತ್ತೂ ಇಲ್ಲದೆ ತನ್ನನ್ನು ಒಪ್ಪಿಕೊಳ್ಳುವ ಒಬ್ಬರ ಎದುರು ಕೂರಬೇಕು. ಕೇಳುವಾಗ ಸಿನಿಮಾ ಡೈಲಾಗ್ ಥರ ಇದೆ, ಅಲ್ವಾ? ಆದರೆ ಪಿಯುಸಿ ಕ್ಲಾಸಿನ ಆ ಕಥೆಯನ್ನು ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ಆಕೆ ‘ಅಯ್ಯೋ ಪಾಪ’ ಅನ್ನಲಿಲ್ಲ, ‘ಅದೆಲ್ಲ ಮರೆತುಬಿಡಿ’ ಅಂತಲೂ ಅನ್ನಲಿಲ್ಲ. ‘ಆಗ ನಿಮಗೆ ಎಷ್ಟು ವಯಸ್ಸು?’ ಅಂತ ಕೇಳಿದರು. ಹದಿನಾರು. ‘ನಿಮ್ಮ ಅಕ್ಕನ ಮಗನಿಗೆ ಈಗ ಎಷ್ಟು?’ ಹದಿನಾರು. ಅವನು ತಡವರಿಸಿ ಓದಿದರೆ ಅವನಿಗೆ ಏನು ಹೇಳುತ್ತೀರಿ ಅಂತ ಕೇಳಿದರು. ಆ ಟಿಶ್ಯೂ ಡಬ್ಬ ಯಾಕಿದೆ ಅಂತ ಗೊತ್ತಾದದ್ದು ಆಗಲೇ.

ಮನೆಯವರು ಪ್ರೀತಿಯಿಂದ ಕೇಳಿದರೂ ಇದು ಆಗುವುದಿಲ್ಲ. ಅವರಿಗೆ ನಮ್ಮಿಂದ ಬೇಕಾದದ್ದು ಏನಾದರೂ ಇರುತ್ತದೆ. ನಾವು ಬೇಗ ಸರಿಹೋಗಲಿ ಅನ್ನುವ ಆಸೆಯೂ ಅಂಥದ್ದೇ ಒಂದು ಬೇಡಿಕೆ.

ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲೇ ಒಂದು ಸೂತ್ರ ಬರೆದಿದ್ದರು. ಆತ್ಮಗೌರವ ಅಂದರೆ ನಮ್ಮ ಸಾಧನೆಯನ್ನು ನಮ್ಮ ನಿರೀಕ್ಷೆಯಿಂದ ಭಾಗಿಸಿದರೆ ಬರುವ ಸಂಖ್ಯೆ. ಲೆಕ್ಕದವನಾದ ನನಗೆ ಕೆಳಗಿನ ಸಂಖ್ಯೆಯ ಮೇಲೆ ಕಣ್ಣು ಬಿತ್ತು. ನನ್ನ ಮೇಲಿನ ಸಂಖ್ಯೆ ಅಷ್ಟೇನೂ ಕಮ್ಮಿ ಇರಲಿಲ್ಲ. ಕೆಳಗಿನದು ವಿಪರೀತ ಇತ್ತು. ಒಂದೂ ತಪ್ಪಿಲ್ಲದ ಇಂಗ್ಲಿಷ್, ಒಂದೂ ಕೊಂಕಿಲ್ಲದ ಮುಖಗಳು, ಊರಲ್ಲಿ ಒಬ್ಬರೂ ಆಡಿಕೊಳ್ಳದಂಥ ಬದುಕು. ಇದನ್ನು ಇಳಿಸಿದರೆ ಸೋಮಾರಿಯಾಗುತ್ತೇನೆ ಅನ್ನುವ ಭಯ ನನಗಿತ್ತು. ಈ ವಿಷಯದಲ್ಲಿ ಕೌನ್ಸೆಲರ್ ಜೊತೆ ಜಗಳವನ್ನೇ ಆಡಿದೆ. ಜಗಳ ಆಡಿದ ಮೇಲೆ ಹೊಳೆಯಿತು, ನಾನು ಒಬ್ಬರ ಮುಖಕ್ಕೆ ಮುಖ ಕೊಟ್ಟು ವಾದ ಮಾಡಿದ್ದೇ ಎಷ್ಟೋ ವರ್ಷದ ಮೇಲೆ ಅಂತ.

ಎಲ್ಲವೂ ನಮ್ಮ ತಲೆಯಲ್ಲೇ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಜಾತಿ ನೋಡಿ ಲೋಟ ಬೇರೆ ಇಡುವ ಮನೆಗಳು ನಮ್ಮ ಸಕ್ಕರೆ ನಾಡಿನಲ್ಲೂ ಇವೆ. ಬಣ್ಣ ನೋಡಿ ಹೆಣ್ಣನ್ನು ಬೇಡ ಅನ್ನುವವರಿದ್ದಾರೆ. ಇಂಗ್ಲಿಷ್ ಬರಲಿಲ್ಲ ಅಂದರೆ ಇಂಟರ್‌ವ್ಯೂನಲ್ಲಿ ಬಿಡುವುದು ನಿಜವೇ, ಕಲ್ಪನೆಯಲ್ಲ. ಗಂಡ ದಿನಾ ಹೊಡೆಯುವ ಹೆಂಗಸಿಗೆ ಆತ್ಮವಿಶ್ವಾಸದ ಪಾಠಕ್ಕಿಂತ ಮೊದಲು ಬೇಕಾದದ್ದು ಸುರಕ್ಷಿತವಾದ ಜಾಗ ಮತ್ತು ಕಾನೂನು. ಅವಮಾನ ಮಾಡಿದವರನ್ನು ಬಿಟ್ಟು ಅವಮಾನ ಪಟ್ಟವರನ್ನು ಮಾತ್ರ ರಿಪೇರಿ ಮಾಡಲು ಹೊರಟರೆ ಅದು ಇನ್ನೊಂದು ಅನ್ಯಾಯ. ಒಳ್ಳೆಯ ಕೌನ್ಸೆಲರ್‌ಗೆ ಇದು ಗೊತ್ತಿರುತ್ತದೆ. ‘ಇದು ಅವರ ತಪ್ಪು’ ಅಂತ ಗಟ್ಟಿಯಾಗಿ ಹೇಳುತ್ತಾರೆ. ಆ ಅವಮಾನದಿಂದ ನಾವು ನಮ್ಮ ಬಗ್ಗೆ ಮಾಡಿಕೊಂಡ ತೀರ್ಮಾನವನ್ನು ಬೇರೆಯಾಗಿ ತೆಗೆದು ನೋಡಲು ಸಹಾಯ ಮಾಡುತ್ತಾರೆ. ಎರಡನ್ನೂ ಬೇರೆ ಮಾಡಿ ನೋಡಲು ಬಂದ ಮೇಲೆ ಕೆಲವರಿಗೆ ಜಗಳ ಆಡುವ ತಾಕತ್ತು ಬರುತ್ತದೆ, ಅದೂ ಒಳ್ಳೆಯದೇ.

ಇನ್ನು ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ಖಾಸಗಿ ಕೌನ್ಸೆಲಿಂಗ್ ಅಗ್ಗವಲ್ಲ, ನಾನು ಮೊದಲು ಕೇಳಿದಾಗ ನನಗೂ ಎದೆ ಧಸಕ್ ಅಂದಿತ್ತು. ದುಡ್ಡಿಲ್ಲ ಅಂತ ಬಿಡಬೇಕಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಮಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಕಾಲೇಜು ಮಕ್ಕಳು ತಮ್ಮ ಕಾಲೇಜಿನಲ್ಲೇ ಆಪ್ತಸಮಾಲೋಚಕರು ಇದ್ದಾರಾ ಕೇಳಬಹುದು. ತೊದಲಿನಿಂದ ಅಳುಕು ಬಂದವರಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ, 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ರಾಷ್ಟ್ರೀಯ ಸಂಸ್ಥೆ, ದೂರದ ರಾಜ್ಯಗಳಿಂದ ಜನ ಹುಡುಕಿಕೊಂಡು ಬರುತ್ತಾರೆ. ಇದ್ಯಾವುದೂ ಬೇಡ, ಮುಖ ತೋರಿಸದೆ ಮಾತಾಡಬೇಕು ಅಂದರೆ ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ. ಕಾಸಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸುತ್ತಿದ್ದರೆ ಈ ಬರಹ ಓದಿ ಮುಗಿಸುವುದೂ ಬೇಡ, ಈಗಲೇ ಆ ನಂಬರಿಗೆ ಮಾಡಿ.

ಖಾಸಗಿಯಾಗಿ ಹೋಗುವುದಾದರೆ ಓದು ಏನು, ತರಬೇತಿ ಎಲ್ಲಿ ಅಂತ ಕೇಳುವುದರಲ್ಲಿ ನಾಚಿಕೆ ಬೇಡ. ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡ್ ಹಾಕಿಕೊಂಡವರೂ ಇದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಣಿ ಇರಬೇಕು. ಮಾತ್ರೆ ಬರೆಯುವವರು ಮನೋವೈದ್ಯರು, ಅವರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದವರು. ನಮ್ಮ ಮಾತು ಗುಟ್ಟಾಗಿ ಇರುತ್ತದಾ, ಯಾವಾಗ ಇರುವುದಿಲ್ಲ ಅನ್ನುವುದನ್ನು ಮೊದಲ ದಿನವೇ ಅವರು ಹೇಳಬೇಕು. ಜೀವಕ್ಕೆ ಅಪಾಯ ಇದ್ದಾಗ ಗುಟ್ಟು ಮುರಿಯಬೇಕಾಗುತ್ತದೆ, ಅದನ್ನೂ ಹೇಳಬೇಕು. ಮೊದಲ ಭೇಟಿಯಲ್ಲೇ ‘ಇಷ್ಟು ಸಿಟ್ಟಿಂಗ್‌ನಲ್ಲಿ ಗ್ಯಾರಂಟಿ ಗುಣ’ ಅಂದರೆ ಎದ್ದು ಬನ್ನಿ. ಕೌನ್ಸೆಲರ್ ಸರಿಹೋಗದಿದ್ದರೆ ಬದಲಾಯಿಸಿ. ನಮ್ಮಂಥವರು ‘ಅವರು ಬೇಜಾರು ಮಾಡ್ಕೋತಾರೆ’ ಅಂತ ಸರಿಹೋಗದವರ ಹತ್ತಿರವೇ ಹೋಗುತ್ತಾ ಇರುತ್ತೇವೆ. ಅದೂ ಇದೇ ಅಳುಕಿನ ಭಾಗ!

ಮತ್ತೆ ಭಾಷೆ. ನನ್ನ ಕೌನ್ಸೆಲರ್ ಮೊದಲ ದಿನ ಇಂಗ್ಲಿಷಿನಲ್ಲಿ ಶುರು ಮಾಡಿದರು. ನಾನು ತಲೆಯಾಡಿಸುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಅವರೇ ಕನ್ನಡಕ್ಕೆ ಬಂದರು. ಅಪ್ಪ ಬೈದದ್ದು ಕನ್ನಡದಲ್ಲಿ, ಕ್ಲಾಸು ನಕ್ಕದ್ದು ಕನ್ನಡದಲ್ಲಿ, ನಾನು ನನ್ನನ್ನೇ ಬೈದುಕೊಳ್ಳುವುದೂ ಮಂಡ್ಯದ ಕನ್ನಡದಲ್ಲಿ. ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದರೆ ಯಾರದೋ ಕಥೆ ಹೇಳಿದ ಹಾಗಿರುತ್ತಿತ್ತು. ಕನ್ನಡದಲ್ಲಿ ಮಾತಾಡುವವರೇ ಬೇಕು ಅಂತ ಫೋನಿನಲ್ಲೇ ಕೇಳಿ.

ಕೆಲವು ತಿಂಗಳ ಮೇಲೆ ಭೇಟಿಗಳ ನಡುವೆ ಅಂತರ ಹೆಚ್ಚಿಸಿದರು. ಕೊನೆಗೆ ಒಂದು ಹಾಳೆ ಬರೆಸಿದರು: ಹಳೇದು ಮತ್ತೆ ಬರುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ, ಬಂದರೆ ಏನು ಮಾಡುತ್ತೀರಿ. ಬರುವುದೇ ಇಲ್ಲ ಅಂತ ಅವರು ಹೇಳಲಿಲ್ಲ. ಬರುತ್ತದೆ ಕೂಡ. ಅಪ್ಪನ ಮುಂದೆ ಈಗಲೂ ನನ್ನ ಧ್ವನಿ ಸಣ್ಣಗಾಗುತ್ತದೆ. ಟೀಮ್ ಲೀಡ್ ಕೆಲಸ ಬೇರೆಯವರಿಗೆ ಹೋಯಿತು, ಅದು ವಾಪಸ್ ಬರಲಿಲ್ಲ. ಆದರೆ ತಿಂಗಳ ಲೆಕ್ಕ ಈಗ ನಾನೇ ಓದುತ್ತೇನೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ. ಪಕ್ಕದ ಟೇಬಲಿನವನು ಸ್ವಲ್ಪ ದಿನ ಮುಖ ಊದಿಸಿಕೊಂಡಿದ್ದ. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಆಮೇಲೆ ತಾನೇ ಸರಿಹೋದ.

ಮೊನ್ನೆ ರೈಲಿನಲ್ಲಿ ಆ ಕೋರ್ಟಿನವರು ನಾಗನಹಳ್ಳಿ ಹತ್ತಿರ ನನ್ನನ್ನು ಬಾಗಿಲ ಕಡೆ ಕರೆದರು. ಮಗಳು ಪಿಯುಸಿ, ಕಾಲೇಜಿಗೆ ಹೋಗಲ್ಲ ಅಂತ ಅಳುತ್ತಾಳಂತೆ. ‘ನೀವು ಎಲ್ಲಿಗೋ ಹೋಗ್ತಿದ್ರಲ್ಲ, ಅಲ್ಲಿ ಹೆಣ್ಮಕ್ಕಳನ್ನೂ ನೋಡ್ತಾರಾ?’ ಅಂದರು. ನಾನು ಎಲ್ಲಿಗೋ ಹೋಗುತ್ತಿದ್ದೆ ಅಂತ ಅವರಿಗೆ ಹೇಳಿರಲೇ ಇಲ್ಲ. ನೋಡ್ತಾರೆ ಅಂದೆ. ವಿಳಾಸ ಕೊಟ್ಟೆ, 14416 ಕೂಡ ಬರೆಸಿದೆ. ‘ಅವಳನ್ನ ಕೇಳಿ ಕರ್ಕೊಂಡು ಹೋಗಿ, ಬಲವಂತ ಮಾಡ್ಬೇಡಿ, ಮೊದಲನೇ ದಿನ ನೀವು ಒಳಗೆ ಕೂರ್ಬೇಡಿ’ ಅಂದೆ. ‘ನಾನ್ ಕೂರ್ಬಾರ್ದಾ?’ ಅಂತ ಅವರು ಜೋರಾಗಿ ಕೇಳಿದರು. ಇಡೀ ಬೋಗಿ ತಿರುಗಿ ನೋಡಿತು. ಕೂರಬಾರದು ಅಂದೆ.